ಎಡದಿಂದ ಮೂರನೆಯವರ ಹೇಳಿಕೆ

ಮಾನ್ಯ ಮುಖ್ಯ ಮೌಲ್ಯಮಾಪಕರೇ,

ನನ್ನ ಮಗಳ ಇತಿಹಾಸದ ಪ್ರಾಜೆಕ್ಟಿಗೆ ಇಪ್ಪತ್ತಕ್ಕೆ ಸೊನ್ನೆ ಬಂದಿದೆ. ಕಾರಣವನ್ನು ಸೋಮವಾರ ನಿಮ್ಮ ಕಚೇರಿಯ ಗುಮಾಸ್ತರೇ ಫೋನಿನಲ್ಲಿ ಓದಿ ಹೇಳಿದರು: ‘ಮಾಹಿತಿ ಪಠ್ಯಪುಸ್ತಕಕ್ಕೆ ವಿರುದ್ಧವಾಗಿದೆ.’ ಈ ಸೊನ್ನೆಯಿಂದ ಅವಳು ಇತಿಹಾಸದಲ್ಲಿ ಫೇಲ್. ಕಾಲೇಜಿನಲ್ಲಿ ಮುಂದೆ ಓದಬೇಕೆಂದುಕೊಂಡಿದ್ದೂ ಇತಿಹಾಸವನ್ನೇ.

ಪ್ರಾಜೆಕ್ಟಿನ ವಿಷಯ ತಾವೇ ಕೊಟ್ಟದ್ದು: ಪಠ್ಯದ ಒಂದು ಚಿತ್ರವನ್ನು ಮೂಲ ಆಕರಗಳ ಸಹಾಯದಿಂದ ಪರಿಶೀಲಿಸಿ. ಅವಳು ಪುಟ 143ರ ಚಿತ್ರ ಆರಿಸಿಕೊಂಡಳು. ಟೆಲಿಫೋನ್ ಎಕ್ಸ್‌ಚೇಂಜಿನ ಮೆಟ್ಟಿಲ ಮೇಲೆ ಐವರು ಹೆಂಗಸರು ಕೂತಿದ್ದಾರೆ. ಅಡಿಬರಹ: ‘ಮುಷ್ಕರನಿರತ ಆಪರೇಟರುಗಳು, ಹದಿನೇಳನೇ ತಾರೀಖು’. ಎಡದಿಂದ ಮೂರನೆಯವರು ನನ್ನ ಅಮ್ಮ. ಮೂಲ ಆಕರ ಹುಡುಕಲು ಮಗಳು ಅಡುಗೆಮನೆಯ ತನಕ ಹೋದರೆ ಸಾಕಾಯಿತು.

“ಅಜ್ಜಿ, ಮುಷ್ಕರ ಅಂದ್ಕೊಂಡು ಹಲ್ಲು ಬಿಡ್ತಾ ಕೂತಿದೀಯಲ್ಲ?”

“ಮುಷ್ಕರ ಎಲ್ಲಿಂದ ಬಂತೇ? ಅದು ಹಿಂದಿನ ದಿನಾನೇ ಮುಗಿದಿತ್ತು. ಬೀಗದ ಕೈ ಇಟ್ಕೊಂಡಿದ್ದ ಸೂಪರ್‌ವೈಸರ್ ಬಂದಿರ್ಲಿಲ್ಲ, ಕೂತಿದ್ವಿ. ಕತ್ತು ನೋಡು, ಹೆಡ್‌ಸೆಟ್ ಇದೆ. ಮುಷ್ಕರ ಶುರುವಾದ ದಿನವೇ ಅವನ್ನ ಕಿತ್ಕೊಂಡಿದ್ರು, ಮುಗಿದ ಸಂಜೆ ವಾಪಸ್ ಕೊಟ್ರು. ಹತ್ತೊಂಬತ್ತು ದಿನ ಬಿಸಿಲಲ್ಲಿ ನಿಂತಾಗ ಒಬ್ಬ ಫೋಟೋದವನೂ ಬರ್ಲಿಲ್ಲ ನೋಡು!”

ಅಜ್ಜಿಯ ಮಾತನ್ನೂ ಮಗಳು ಸುಮ್ಮನೆ ನಂಬಲಿಲ್ಲ. ಗ್ರಂಥಾಲಯದಲ್ಲಿ ಹದಿನೇಳರ ದಿನಪತ್ರಿಕೆ ತೆಗೆಸಿದಳು. ಮೊದಲ ಪುಟದಲ್ಲೇ ಇತ್ತು: ‘ಆಪರೇಟರುಗಳ ಮುಷ್ಕರ ಅಂತ್ಯ’. ಅದರ ಪ್ರತಿಯನ್ನೂ ಲಗತ್ತಿಸಿದಳು. ತಾವು ಹೇಳಿದಂತೆ ಪರಿಶೀಲಿಸಿದ್ದೇ ಅವಳ ತಪ್ಪಾಯಿತೇ? ಪುಸ್ತಕದಲ್ಲಿ ಇದ್ದದ್ದೇ ಸಿಗಬೇಕೆಂದಿದ್ದರೆ ಆ ಪುಟದ ಜೆರಾಕ್ಸ್ ಕೊಟ್ಟು ಇಪ್ಪತ್ತಕ್ಕೆ ಇಪ್ಪತ್ತು ತರುತ್ತಿದ್ದಳು. ಹನ್ನೊಂದು ಮುದ್ರಣಗಳಲ್ಲಿ ಐದು ಕತ್ತುಗಳ ಹೆಡ್‌ಸೆಟ್ ಯಾವ ವಿದ್ವಾಂಸರ ಕಣ್ಣಿಗೂ ಬೀಳಲಿಲ್ಲ. ಯಾರ ಕಣ್ಣಿಗೆ ಬಿತ್ತೋ ಅವಳನ್ನು ಫೇಲ್ ಮಾಡಿದ್ದೀರಿ.

“ಸಾರ್, ನಿಮ್ಮ ತಾಯಿ ಹೇಳಿದ್ದು ಯಾವ ಪುಸ್ತಕದಲ್ಲಿದೆ?” ಎಂದರು ಸೋಮವಾರದ ಫೋನಿನಲ್ಲಿ ಗುಮಾಸ್ತರು.

“ತಾಯೀನೇ ಪುಸ್ತಕದಲ್ಲಿದಾರಲ್ರೀ.”

“ಅದು ಬರೀ ಚಿತ್ರ ಸಾರ್.”

ಮಗಳ ಅಂಕ ಕೊಡಿ, ಅಡಿಬರಹ ತಿದ್ದಿ. ಎರಡೂ ಆಗಬೇಕು; ಒಂದನ್ನು ಮಾಡಿ ಇನ್ನೊಂದನ್ನು ಮರೆತರೆ ಮುಂದಿನ ವರ್ಷ ಇನ್ನೊಬ್ಬರ ಮಗು ಫೇಲಾಗುತ್ತದೆ.

ಮರುಪರಿಶೀಲನೆ ಇದೇ ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ, ತಮ್ಮ ಕಚೇರಿಯ ಎರಡನೇ ಮಹಡಿಯಲ್ಲಿ. ‘ಮೂಲ ದಾಖಲೆಯನ್ನು ಖುದ್ದಾಗಿ ಹಾಜರುಪಡಿಸತಕ್ಕದ್ದು’ ಎಂದು ನೋಟಿಸಿನಲ್ಲಿದೆ. ಹಾಜರುಪಡಿಸುತ್ತೇವೆ. ದಾಖಲೆಗೆ ಎಪ್ಪತ್ತೆಂಟು ವರ್ಷ, ಮಂಡಿನೋವಿದೆ. ಲಿಫ್ಟ್ ಚಾಲೂ ಇರಲಿ.

ಇಂತಿ,
ಪುಟ 143ರಲ್ಲಿ ಎಡದಿಂದ ಮೂರನೆಯವರ ಮಗ