ಓದಕ್ಕೆ ಓದಳು

ಸೇಲಂ,
೧೨ ಮಾರ್ಚ್ ೧೯೭೮

ವಕೀಲರ ಕಾಗದದಲ್ಲಿ ‘ಅರ್ಜಿದಾರ’ರಾದ, ನನ್ನ ಬಾಯಲ್ಲಿ ಚಿಕ್ಕಂದಿನಿಂದಲೂ ಮಾಮನೇ ಆದ ನಾರಪ್ಪನವರಿಗೆ ಈಶ್ವರಿಯ ನಮಸ್ಕಾರ.

ಹೊಸೂರಿನ ಶಾಲೆಯಲ್ಲಿ ಕಲಿತು, ಮದುವೆಯಾದ ಮೇಲೆ ನಿಮಗೂ ಕಲಿಸಿದ ಕನ್ನಡ ಅಕ್ಷರದಲ್ಲೇ ಬರೆಯುತ್ತಿದ್ದೇನೆ. ಇದನ್ನು ನಿಮ್ಮ ವಕೀಲರು ಓದಲಾರರು.

ಅವರ ನೋಟೀಸು ಹಾಸ್ಟೆಲಿಗೆ ಬಂತು. ಅದು ಇಂಗ್ಲಿಷಿನಲ್ಲಿರುವುದರಿಂದ ನೀವು ಏನು ಹೇಳಿದ್ದೀರೆಂದು ನಾನೇ ನಿಮಗೆ ತಿಳಿಸಬೇಕಾಗಿದೆ. ಹೆಂಡತಿ ನಿಮ್ಮನ್ನು ‘ಡೆಸರ್ಟ್’ ಮಾಡಿದ್ದಾಳಂತೆ, ಆದ್ದರಿಂದ ವಿಚ್ಛೇದನ ಬೇಕಂತೆ. ಡೆಸರ್ಟ್ ಎಂದರೆ ಬಿಟ್ಟು ಓಡುವುದು. ಮರಳುಗಾಡು ಎಂದೂ ಆಗುತ್ತದೆ. ನಾನು ಮರಳದವಳೆಂದು ಹೇಳಹೋಗಿ ನಿಮ್ಮ ಮನೆಗೇ ಮರಳು ಸುರಿದಿದ್ದಾರೆ. ನಗು ಬಂತು. ಬಹಳ ಹೊತ್ತು ಉಳಿಯಲಿಲ್ಲ.

ಹೇಗಾಗಿರಬಹುದೆಂದು ಊಹಿಸಬಲ್ಲೆ. ನಿಮ್ಮ ತಾಯಿ ಅಂಜಮ್ಮತ್ತೆ ಊರಿಗೆಲ್ಲ ಹೇಳುವುದನ್ನೇ ವಕೀಲರಿಗೂ ಹೇಳಿರುತ್ತಾರೆ: “ಸೊಸೆ ಓದಕ್ಕೆ ಓದಳು. ಓದೋಳು ಓದಳೇ.” ನಮ್ಮ ಕಡೆಯ ನಾಲಿಗೆಗೆ ಹಕಾರ ಒಗ್ಗದು, ಓದುವುದೂ ಹೋಗುವುದೂ ಒಂದೇ ಬಾಗಿಲಲ್ಲಿ ಹೊರಡುತ್ತವೆ. ತಮಿಳರಾದ ವಕೀಲರಿಗೆ ನೀವು ‘ಪೋಯಿಟ್ಟಾ’ ಎಂದು ಹೋದದ್ದನ್ನಷ್ಟೇ ದಾಟಿಸಿರುತ್ತೀರಿ. ಓದು ಈ ದಡದಲ್ಲೇ ಉಳಿಯಿತು.

ಈ ವಾರ ತರಗತಿಯಲ್ಲೂ ಅದೇ ಪಾಠ. ‘ಶೀ ಲೆಫ್ಟ್ ದಿ ಹೌಸ್’ ಎಂದು ಟೀಚರು ಬೋರ್ಡಿನ ಮೇಲೆ ಬರೆದು, ‘ಲೆಫ್ಟ್’ ಎಂಬುದರ ಬದಲು ಹೊಂದುವ ಸಮಾನಾರ್ಥಕ ಪದ ಹಾಕಿ ಎಂದರು. ಒಬ್ಬಳು ‘ಡಿಪಾರ್ಟೆಡ್’ ಎಂದಳು. ಹಾಗೆ ಬರೆದರೆ ಸತ್ತಳೆಂದು ಕೆಲವರು ಹಾರ ತೆಗೆದುಕೊಂಡು ಬಂದಾರು ಎಂದರು. ಅರ್ಥ ಹತ್ತಿರವಿದ್ದರೆ ಸಾಲದು, ನಡೆದದ್ದಕ್ಕೆ ಒಪ್ಪಬೇಕು ಎಂದೂ ಹೇಳಿದರು. ನಾನು ಏನೂ ಬರೆಯಲಿಲ್ಲ. ಪಕ್ಕದವಳು ಪಾಪವೆಂದು ತನ್ನದನ್ನು ತೋರಿಸಿದಳು.

ನನ್ನ ಪರ ವಕೀಲರು ಸುಬ್ಬರಾಯನ್. ಅವರದೂ ಪದಗಳದೇ ವ್ಯಾಪಾರ. ‘ಲೆಫ್ಟ್’ ಬೇಡಮ್ಮಾ, ‘ಡ್ರಿವನ್ ಔಟ್’ ಎಂದು ಹಾಕೋಣ, ಅವರ ಕೇಸು ನಿಲ್ಲುವುದೇ ಇಲ್ಲ ಎಂದರು. ಹಾಗೆಂದರೆ ಅಟ್ಟಿದರು ಎಂದು. ಕುರಿಯ ಮೇಲೂ ಕೋಲೆತ್ತದವರು ನೀವು. ಬೇಡ ಎಂದೆ.

ಮಾಮ, ನಡೆದದ್ದಕ್ಕೆ ಒಪ್ಪುವ ಪದ ನಮ್ಮಿಬ್ಬರಿಗೇ ಗೊತ್ತು. ಅತ್ತೆ ಕುರಿಯ ಹಿಂದೆ ಹೋಗಿದ್ದ ಬೆಳಗ್ಗೆ, ನನ್ನ ಟ್ರಂಕನ್ನು ತಲೆಯ ಮೇಲೆ ಹೊತ್ತು ಅದಿಯಮಾನ್‌ಕೋಟೆಯಲ್ಲಿ ಬಸ್ಸು ಹತ್ತಿಸಿದವರು ನೀವು. “ನಾನಂತೂ ಓದ್ಲಿಲ್ಲ. ನೀನಾದ್ರೂ ಓದು, ಓಗು” ಎಂದಿರಿ. ಅದಕ್ಕೆ ಇಂಗ್ಲಿಷಿನಲ್ಲಿ ‘ಸೆಂಟ್’ ಎನ್ನುತ್ತಾರೆ. ನಿಮ್ಮ ಕಿವಿಗೆ ಜಮೀನಿನ ಅಳತೆಯಂತೆ ಕೇಳಿಸೀತು, ಕಳಿಸಿದರು ಎಂದರ್ಥ.

ಹೇಳದೆ ಕೇಳದೆ ಹೋದಳು ಎಂದು ಅತ್ತೆ ಅಂದು ಸಂಜೆ ಕೂಗಾಡಿದಾಗ ನೀವು ಸುಮ್ಮನಿದ್ದಿರಂತೆ. ಹೆಂಡತಿಯನ್ನು ತಾನೇ ಕಳಿಸಿ ಒಲೆ ಊದುತ್ತಿದ್ದಾನೆಂದು ಊರು ನಿಮ್ಮನ್ನು ನೋಡಿ ನಗಬಾರದೆಂದು ನಾನೂ ಸುಮ್ಮನಾದೆ. ಆ ಮೌನವನ್ನೇ ಈಗ ಇಂಗ್ಲಿಷಿಗೆ ತಿರುಗಿಸಿ, ಮೊಹರು ಒತ್ತಿ ನನಗೆ ಕಳಿಸಿದ್ದಾರೆ.

ಶುಕ್ರವಾರ ಉತ್ತರ ಕೊಡಬೇಕು. ‘ಸೆಂಟ್’ ಎಂದು ಬರೆಸಿದರೆ, ಮಗ ಮಾಡಿದ್ದನ್ನು ಅತ್ತೆ ಕೋರ್ಟಿನಲ್ಲಿ ಪರರ ಬಾಯಿಂದ ಕೇಳಬೇಕಾಗುತ್ತದೆ. ಅದಕ್ಕೆ ಮುಂಚೆ ನೀವೇ ಅವರಿಗೆ ಹೇಳಿ. ನಾನು ಬೇಡವೆನಿಸಿದ್ದರೆ ಬೇಡ ಎಂದೇ ಬರೆಯಿರಿ, ಎರಡಕ್ಷರ ಸಾಕು, ರುಜು ಹಾಕುತ್ತೇನೆ. ಬಿಟ್ಟು ಓಡಿದಳು ಎಂಬುದಕ್ಕೆ ಮಾತ್ರ ಹಾಕಲಾರೆ.

ನಿಮ್ಮವಳೋ ಎದುರುದಾರಳೋ ಇನ್ನೂ ತಿಳಿಯದ,
ಈಶ್ವರಿ

ಅಂಟಿಸುವ ಮುಂಚೆ ಇನ್ನೊಂದು ಮಾತು: ಮಧ್ಯಾಹ್ನ ಎಡಪ್ಪಾಡಿಯಿಂದ ಮುತ್ತಮ್ಮ ಎಂಬುವರು ನನ್ನನ್ನು ಹುಡುಕಿಕೊಂಡು ಬಂದರು. ಅವರ ಮಗಳನ್ನು ಅತ್ತೆ ನಿಮಗೆ ಕೇಳಿದ್ದಾರಂತೆ. ಗಂಡನಲ್ಲಿ ಏನು ಕೊರತೆ, ಯಾಕೆ ಬಿಟ್ಟು ಬಂದೆ ಎಂದು ವಿಚಾರಿಸಿದರು. ಕೊರತೆಯಿಲ್ಲ, ಒಳ್ಳೆಯವರು ಎಂದೆ. ಅಲ್ಲಿಗೇ ನಿಲ್ಲಿಸಬೇಕೆಂದಿದ್ದೆ, ಆಗಲಿಲ್ಲ. “ನಾನು ಬುಟ್ಟು ಬರ್ಲಿಲ್ಲಕ್ಕಾ, ಅವ್ರೇ ಓದಕ್ಕೆ ಕಳ್ಸಿದ್ರು” ಎಂದುಬಿಟ್ಟೆ. ಆಕೆ ನಾನು ಕೊಟ್ಟ ನೀರನ್ನು ಕುಡಿಯದೆ ಕೆಳಗಿಟ್ಟರು. “ಅಂಗಾದ್ರೆ ನನ್ ಮಗ್ಳನ್ನ ಯಾಕಮ್ಮಾ ಕೇಳ್ತಾವ್ರೆ?” ಎಂದರು. ನಿಮ್ಮನ್ನೇ ಕೇಳಿಬಿಡುತ್ತೇನೆಂದು ಧರ್ಮಪುರಿ ಬಸ್ಸು ಹತ್ತಿದ್ದಾರೆ. ಈ ಕಾಗದ ಕೈಸೇರುವಷ್ಟರಲ್ಲಿ, ಅತ್ತೆಯ ಎದುರೇ, ನೀವು ಏನನ್ನೋ ಹೇಳಿರುತ್ತೀರಿ. ಅದನ್ನೇ ನನಗೂ ಬರೆಯಿರಿ.