ತಂಜಾವೂರಿನ ಐದನೆಯ ದಿನ

ಮಿತ್ರ ಕೇಶವಮೂರ್ತಿಗೆ,

ಘಾಟ್ಕೋಪರಿನ ಸಮಸ್ತ ನಾಗರಿಕರ ಅವಗಾಹನೆಗೆ ತರುವುದೇನೆಂದರೆ, ನಾನೂ ವಿಮಲಾಳೂ ತಂಜಾವೂರಿನಲ್ಲಿ ಐದು ದಿನ ಇರುತ್ತೇವೆ. ನಿನಗೂ ತಿಳಿದಿರಲಿ. ತೀರಿಕೊಂಡು ಮೂರು ವರ್ಷವಾದರೂ ನೀನು ನಮ್ಮ ಮನೆಯ ವಿಷಯದಲ್ಲಿ ತಲೆಹಾಕುವುದನ್ನು ಬಿಟ್ಟಿಲ್ಲ.

ಇವತ್ತು ವಿ.ಟಿ. ಸ್ಟೇಷನ್ನಿನಲ್ಲಿ ರಿಸರ್ವೇಷನ್ ಫಾರಂ ತುಂಬುತ್ತಿದ್ದೆ. ನನ್ನ ಪ್ರಕಾರ ದೊಡ್ಡ ದೇವಸ್ಥಾನ, ಅರಮನೆ, ಊಟ ಎಲ್ಲಕ್ಕೂ ಒಂದು ದಿನ ಧಾರಾಳ.

“ನಾಲ್ಕು ದಿನ ಬೇಕು ಕಣ್ರೀ,” ಎಂದಳು ವಿಮಲಾ. “ಕಂಚಿನ ವಿಗ್ರಹಗಳಿಗೇ ಒಂದು ದಿನ ಅಂತ ನಿಮ್ಮ ಕೇಶವಮೂರ್ತಿಯವರು ಹೇಳ್ತಿರಲಿಲ್ವೆ?”

ನಾನು ನಿನ್ನೆ ಹೇಳಿದ್ದು ಅವಳಿಗೆ ನೆನಪಿರುವುದಿಲ್ಲ. ನೀನು ಹತ್ತು ವರ್ಷದ ಹಿಂದೆ ನಮ್ಮ ಮನೆಯ ಉಪ್ಪಿಟ್ಟು ತಿನ್ನುತ್ತ ಹೇಳಿದ ನಾಲ್ಕು ದಿನದ ಪಟ್ಟಿ ಬಾಯಿಪಾಠ.

“ವಾಪಸ್ ಕಬ್ ಕಾ? ಜಲ್ದಿ ಬೋಲೋ,” ಎಂದು ಕೌಂಟರಿನವನು ವಾಪಸಿನ ತಾರೀಖಿಗೆ ಅವಸರಪಡಿಸಿದ.

ನಾಲ್ಕಕ್ಕೆ ಒಪ್ಪಿದರೆ ನೀನು ಗೆದ್ದಂತೆ. ಐದು ದಿನವಿದ್ದು ಹೊರಡುವ ತಾರೀಖು ಬರೆದೆ. ವಿಮಲಾ ನನ್ನ ಕಡೆ ತಿರುಗಿ ನಕ್ಕಳು, ನಿನ್ನ ಮಾತಿಗೆ ನಗುತ್ತಿದ್ದ ಹಾಗೆಯೇ.

ಆ ಸಲ ತಂಜಾವೂರಿಗೆ ಹೊರಟ ನೀನು “ಬಾರೋ, ಒಟ್ಟಿಗೆ ನೋಡಿಬರೋಣ” ಎಂದು ಕರೆದಾಗ ರಜೆ ಇಲ್ಲ ಅಂದಿದ್ದೆ. ಇತ್ತು.

ಈಗೊಂದು ಸಣ್ಣ ಉಪಕಾರವಾಗಬೇಕು. ನಾಲ್ಕು ದಿನದ ನಿನ್ನ ಪಟ್ಟಿ ಅವಳ ಹತ್ತಿರ ಇದೆ. ಐದನೆಯ ದಿನ ಅಲ್ಲಿ ಏನು ನೋಡಬೇಕು, ನನಗೊಬ್ಬನಿಗೇ ಹೇಳು.