ತವರಿನಲ್ಲಿಟ್ಟ ಹೆಸರು

ಅವ್ವಾ,

ಇವತ್ತು ಹಿರಿಯೂರಿನ ಕಾಲೇಜಿಗೆ ನಾನು ಕಥೆ ಹೇಳಲು ಹೋಗಿದ್ದೆ. ಯಲ್ಲಾಪುರದ ಸಿದ್ದಿಯರು ಡಮಾಮಿ ಕುಣಿಯಲು ಬಂದಿದ್ದರು. ನಗಾರಿ ಬಾರಿಸುವ ಅಜ್ಜಿ ನನ್ನ ಗುಂಗುರು ಕೂದಲು ನೋಡಿ ಕೈ ಹಿಡಿದಳು.

"ನಿನ್ನವ್ವ ನಮ್ಮವಳೇ ಅಲ್ವೇನೋ? ಎಲ್ಲಿದ್ದಾಳೆ?"

"ತೀರ್ಕೊಂಡು ಆರು ವರ್ಷ ಆತಜ್ಜಿ."

"ಹಿರಿಯರ ಪೂಜೇಲಿ ಅವಳನ್ನೂ ಕರೀತೀವಿ. ತವರಲ್ಲಿಟ್ಟ ಹೆಸರು ಹೇಳು."

ಮದುವೆಯಲ್ಲಿ ಅಪ್ಪನ ಮನೆಯವರಿಟ್ಟ ಮಹಾದೇವಮ್ಮ ಎಂಬ ಹೆಸರಷ್ಟೇ ನನಗೆ ಗೊತ್ತು. ಆಫ್ರಿಕದಿಂದ ಹಡಗಿನಲ್ಲಿ ಬಂದ ನಿನ್ನವರ ಕಥೆ ನೀನು ಶುರು ಮಾಡಿದಾಗಲೆಲ್ಲ, "ಅದು ಬ್ಯಾಡ, ಕೋಟೆ ಕಥೆ ಹೇಳವ್ವ" ಅನ್ನುತ್ತಿದ್ದೆ.

ಕಥೆ ಕಟ್ಟುವ ಬಾಯಿ "ಸುಬ್ಬಿ" ಎಂದುಬಿಟ್ಟಿತು. ಅಜ್ಜಿ ಮರೆಯಬಾರದೆಂದು ಮೂರು ಸಲ ಹೇಳಿಕೊಂಡಳು. ಅವರ ವ್ಯಾನು ಹೋದಾಗಿನಿಂದ ನನಗೆ ಕೂರಲಾಗುತ್ತಿಲ್ಲ, ನಿಂತೇ ಬರೆಯುತ್ತಿದ್ದೇನೆ. ಪೂಜೆಯ ದಿನ ಅವರು ಕರೆಯುವುದು ಯಾರನ್ನವ್ವ?